ವಿಮಾನ ಸಂಸ್ಥೆಗೆ ಕಾಲ್ ಸೈನ್ ಪಡೆಯುವುದು, ಬದಲಾಯಿಸುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಟಿಕೆಟ್ ಮೇಲೆ ಬ್ರಿಟಿಷ್ ಏರ್‌ವೇಸ್ ಎಂದಿರುತ್ತದೆ. ರೇಡಿಯೊದಲ್ಲಿ ಅದೇ ವಿಮಾನ ‘ಸ್ಪೀಡ್‌ಬರ್ಡ್’ ಆಗುತ್ತದೆ. ತೈವಾನಿನ ಚೈನಾ ಏರ್‌ಲೈನ್ಸ್ ‘ಡೈನಾಸ್ಟಿ’, ಐರ್ಲೆಂಡಿನ ಏರ್ ಲಿಂಗಸ್ ‘ಶ್ಯಾಮ್‌ರಾಕ್’, ಇಂಡಿಗೊ ‘ಐಫ್ಲೈ’. ರೇಡಿಯೊದಲ್ಲಿ ಕರೆಯುವ ಈ ಹೆಸರೇ ಕಾಲ್ ಸೈನ್. ಮಾರ್ಕೆಟಿಂಗ್‌ನವರು ಕೂತು ಸುಮ್ನೆ ಚಂದದ ಹೆಸರು ಇಟ್ಟಿದ್ದಾರೆ ಎಂದು ಮೇಲ್ನೋಟಕ್ಕೆ ಅನ್ನಿಸುತ್ತದೆ. ಆದರೆ ಈ ಹೆಸರನ್ನು ದಿನವಿಡೀ ಕೇಳುವವನು ಪ್ರಯಾಣಿಕನಲ್ಲ, ನೆಲದಿಂದ ವಿಮಾನಗಳಿಗೆ ದಾರಿ ಹೇಳುವ ಕಂಟ್ರೋಲರ್. ಅವನ ಕಿವಿಗೆ ಒಂದೇ ಚಾನೆಲ್‌ನಲ್ಲಿ ಹತ್ತಾರು ವಿಮಾನಗಳ ದನಿ ಬರುತ್ತಿರುತ್ತದೆ. ಹೆಸರು ಅವನಿಗೆ ತಟ್ಟನೆ ಗೊತ್ತಾಗಬೇಕು. ಕಾಲ್ ಸೈನ್ ಆರಿಸುವುದಕ್ಕೂ ಬದಲಾಯಿಸುವುದಕ್ಕೂ ಇರುವ ನಿಯಮಗಳೆಲ್ಲ ಹುಟ್ಟಿದ್ದು ಇಲ್ಲಿಂದಲೇ.

ನೀವು ಹೊಸ ವಿಮಾನ ಸಂಸ್ಥೆ ಕಟ್ಟುತ್ತಿದ್ದೀರಿ, ಅದರ ಕಾಲ್ ಸೈನ್ ಜವಾಬ್ದಾರಿ ನಿಮ್ಮ ತಲೆಗೆ ಬಂದಿದೆ ಅಂದುಕೊಳ್ಳಿ. ಮೊದಲಿನಿಂದ ನೋಡೋಣ.

ಮೊದಲು ಮೂರು ಗುರುತುಗಳನ್ನು ಬೇರೆ ಬೇರೆ ಮಾಡಿಕೊಳ್ಳಿ

ಒಂದೊಂದು ವಿಮಾನ ಸಂಸ್ಥೆಗೂ ಮೂರು ಗುರುತುಗಳಿರುತ್ತವೆ. ಮೂರನ್ನೂ ಜನ ಕಲಸಿಬಿಡುತ್ತಾರೆ.

ಮೊದಲನೆಯದು ಎರಡು ಅಕ್ಷರದ ಕೋಡ್. ಇದನ್ನು ಕೊಡುವುದು ಐಯಾಟಾ, ಅಂದರೆ ವಿಮಾನ ಸಂಸ್ಥೆಗಳ ಸಂಘ. ಬ್ರಿಟಿಷ್ ಏರ್‌ವೇಸ್‌ಗೆ ಬಿಎ, ಏರ್ ಇಂಡಿಯಾಗೆ ಎಐ. ಟಿಕೆಟ್, ಬ್ಯಾಗೇಜ್ ಟ್ಯಾಗ್, ವಿಮಾನ ನಿಲ್ದಾಣದ ಬೋರ್ಡ್ ಮೇಲೆಲ್ಲ ಕಾಣುವುದು ಇದೇ.

ಎರಡನೆಯದು ಮೂರು ಅಕ್ಷರದ ಕೋಡ್. ಇದು ವಿಶ್ವಸಂಸ್ಥೆಯ ಅಂಗವಾದ ಐಕಾವೊ ಕೊಡುವುದು. ಬ್ರಿಟಿಷ್ ಏರ್‌ವೇಸ್‌ಗೆ ಬಿಎಡಬ್ಲ್ಯು, ಏರ್ ಇಂಡಿಯಾಗೆ ಎಐಸಿ. ಹಾರುವ ಮೊದಲು ಕಂಟ್ರೋಲ್ ಕೇಂದ್ರಕ್ಕೆ ಸಲ್ಲಿಸುವ ಫ್ಲೈಟ್ ಪ್ಲಾನ್‌ನಲ್ಲಿ, ರಾಡಾರ್ ಪರದೆ ಮೇಲೆ ಬರುವುದು ಇದು.

ಮೂರನೆಯದು ಬಾಯಲ್ಲಿ ಹೇಳುವ ಪದ. ಇದೂ ಐಕಾವೊ ಕೈಯಲ್ಲೇ ಇದೆ. ಸ್ಪೀಡ್‌ಬರ್ಡ್, ಏರ್ ಇಂಡಿಯಾ, ಐಫ್ಲೈ, ಇವೆಲ್ಲ ಇದೇ ಸಾಲಿನವು. ಈ ಪದದ ಜೊತೆ ಫ್ಲೈಟ್ ನಂಬರ್ ಸೇರಿದರೆ ಪೂರ್ತಿ ಕಾಲ್ ಸೈನ್.

ಹಿಂದೆ ಐಕಾವೊ ಕೂಡ ಎರಡು ಅಕ್ಷರವನ್ನೇ ಬಳಸುತ್ತಿತ್ತು. ಸಂಸ್ಥೆಗಳು ಜಾಸ್ತಿಯಾದವು, ಎರಡು ಅಕ್ಷರದ ಜೋಡಣೆಗಳು ಸಾಲದಾದವು. 1987ರಲ್ಲಿ ಮೂರು ಅಕ್ಷರದ ಪದ್ಧತಿ ಪೂರ್ತಿಯಾಗಿ ಜಾರಿಗೆ ಬಂತು. ಐಯಾಟಾ ಮಾತ್ರ ಹಳೆಯ ಎರಡು ಅಕ್ಷರದಲ್ಲೇ ಉಳಿದುಕೊಂಡಿತು. ಎರಡೂ ಕಚೇರಿಗಳ ಕೇಂದ್ರ ಕೆನಡಾದ ಮಾಂಟ್ರಿಯಲ್ ನಗರದಲ್ಲೇ ಇದೆ. ಹಾಗಂತ ಒಂದು ಕಡೆ ಅರ್ಜಿ ಹಾಕಿದರೆ ಇನ್ನೊಂದು ಕಡೆ ಕೆಲಸ ಆಗುವುದಿಲ್ಲ.

ಈ ಮೂರೂ ಒಂದಕ್ಕೊಂದು ಕಟ್ಟಿಹಾಕಿದ ಗುರುತುಗಳಲ್ಲ. ಒಂದನ್ನು ಬಿಟ್ಟು ಇನ್ನೊಂದನ್ನು ಬದಲಾಯಿಸಬಹುದು. ಮುಂದೆ ಬದಲಾವಣೆಯ ಮಾತು ಬಂದಾಗ ಇದು ಬಹಳ ಕೆಲಸಕ್ಕೆ ಬರುತ್ತದೆ.

ನಿಮಗೆ ಇದು ಬೇಕೇ ಬೇಕಾ?

ಐಕಾವೊ ನಿಯಮಗಳಲ್ಲಿ, ಅನೆಕ್ಸ್ 10ರ ಎರಡನೇ ಸಂಪುಟದಲ್ಲಿ, ವಿಮಾನವೊಂದು ರೇಡಿಯೊದಲ್ಲಿ ತನ್ನನ್ನು ಹೇಳಿಕೊಳ್ಳಲು ಮೂರು ಬಗೆ ಇವೆ. ಒಂದು, ವಿಮಾನದ ಮೇಲೆ ಬರೆದ ನೋಂದಣಿ ಅಕ್ಷರಗಳನ್ನೇ ಹೇಳುವುದು. ಎರಡು, ಸಂಸ್ಥೆಯ ಪದ ಹೇಳಿ ನೋಂದಣಿಯ ಕೊನೆಯ ನಾಲ್ಕು ಅಕ್ಷರ ಸೇರಿಸುವುದು. ಮೂರು, ಸಂಸ್ಥೆಯ ಪದ ಮತ್ತು ಫ್ಲೈಟ್ ಗುರುತು. ದೊಡ್ಡ ಏರ್‌ಲೈನ್‌ಗಳು ಬಳಸುವುದು ಮೂರನೆಯದು.

ಒಂದೆರಡು ವಿಮಾನ ಇಟ್ಟುಕೊಂಡು ಅಪರೂಪಕ್ಕೆ ಹಾರಿಸುವವರಿಗೆ ನೋಂದಣಿ ಅಕ್ಷರಗಳೇ ಸಾಕು. ಅದಕ್ಕೆ ಯಾರ ಒಪ್ಪಿಗೆಯೂ ಬೇಡ. ಆದರೆ ದಿನಾ ವೇಳಾಪಟ್ಟಿ ಪ್ರಕಾರ ಹಾರುವವರಿಗೆ ಅದು ಕಷ್ಟ. ಬೆಳಗ್ಗೆ ಹೋಗಬೇಕಾದ ವಿಮಾನ ಕೆಟ್ಟು, ಅದರ ಜಾಗಕ್ಕೆ ಇನ್ನೊಂದು ಬಂದರೆ ಕಾಲ್ ಸೈನ್ ಕೂಡ ಬದಲಾಗುತ್ತದೆ. ಫ್ಲೈಟ್ ಪ್ಲಾನ್ ಮತ್ತೆ ಹಾಕಬೇಕು. ಮೂರನೇ ಬಗೆಯಲ್ಲಿ ಆ ತಲೆನೋವಿಲ್ಲ. ಯಾವ ವಿಮಾನ ಹಾರಿದರೂ ಫ್ಲೈಟ್‌ನ ಹೆಸರು ಅದೇ.

ಒಂದು ಎಚ್ಚರಿಕೆ. ನೋಂದಣಿ ಅಕ್ಷರದ ಕಾಲ್ ಸೈನನ್ನು ಕಂಟ್ರೋಲರ್ ಮೊಟಕು ಮಾಡಿ ಕರೆಯಬಹುದು. ಮೂರನೇ ಬಗೆಯದನ್ನು ಮೊಟಕು ಮಾಡುವಂತಿಲ್ಲ. ಪ್ರತಿ ಸಲವೂ ಪೂರ್ತಿ ಹೇಳಲೇಬೇಕು. ಹಾಗಾಗಿ ನೀವು ಆರಿಸುವ ಪದ ಉದ್ದವಾದರೆ ಅದರ ಭಾರ ಪ್ರತಿ ಮಾತಿನಲ್ಲೂ ಬೀಳುತ್ತದೆ.

ಪದ ಆರಿಸುವುದು: ಸಮಯ ಕೊಡಬೇಕಾದ ಜಾಗ

ಐಕಾವೊ ಈ ಎಲ್ಲ ಕೋಡ್‌ಗಳನ್ನೂ ಪದಗಳನ್ನೂ ಒಂದು ಪಟ್ಟಿಯಲ್ಲಿ ಪ್ರಕಟಿಸುತ್ತದೆ. ಅದಕ್ಕೆ ಡಾಕ್ 8585 ಎಂದು ಹೆಸರು. ಈ ಕೆಲಸದಲ್ಲಿ ಇರುವವರು ಬರೀ ‘8585’ ಎಂದರೂ ಸಾಕು. ಪದ ಹೇಗಿರಬೇಕು ಎಂಬ ನಿಯಮವೂ ಅದರಲ್ಲೇ ಇದೆ. ಪದ ಸಂಸ್ಥೆಯ ಹೆಸರನ್ನೋ ಕೆಲಸವನ್ನೋ ಹೋಲಬೇಕು. ಒಂದೇ ಪದವಾದರೆ ಒಳ್ಳೆಯದು, ಹೆಚ್ಚೆಂದರೆ ಎರಡು. ಆದಷ್ಟೂ ಎರಡು ಮೂರು ಉಚ್ಚಾರದ ತುಂಡುಗಳಲ್ಲಿ ಮುಗಿಯಬೇಕು. ಪಟ್ಟಿಯಲ್ಲಿ ಈಗಾಗಲೇ ಇರುವ ಪದದಂತೆ ಕೇಳಿಸಬಾರದು, ಬರವಣಿಗೆಯಲ್ಲೂ ಹೋಲಬಾರದು. ಐಕಾವೊ ಬಳಸುವ ಭಾಷೆಗಳಲ್ಲಿ ಒಂದರಲ್ಲಾದರೂ ಸಲೀಸಾಗಿ ಬಾಯಿಗೆ ಬರಬೇಕು.

‘ಹೆಸರನ್ನು ಹೋಲಬೇಕು’ ಎಂಬುದನ್ನು ತೀರಾ ಬಿಗಿಯಾಗಿ ಹಿಡಿದುಕೊಳ್ಳುವುದಿಲ್ಲ. ಇಲ್ಲದಿದ್ದರೆ ಸ್ಪೀಡ್‌ಬರ್ಡ್ ಇರುತ್ತಿರಲಿಲ್ಲ. ಅದು 1932ರಲ್ಲಿ ಇಂಪೀರಿಯಲ್ ಏರ್‌ವೇಸ್‌ಗೆ ಮಾಡಿದ ಲಾಂಛನದ ಹಕ್ಕಿ. ಆ ಸಂಸ್ಥೆ ಹೋಗಿ ಬಿಒಎಸಿ ಬಂತು, 1974ರಲ್ಲಿ ಬ್ರಿಟಿಷ್ ಏರ್‌ವೇಸ್ ಆಯಿತು, ಹಕ್ಕಿ ಮಾತ್ರ ರೇಡಿಯೊದಲ್ಲಿ ಉಳಿದುಕೊಂಡಿತು. ಅಮೆರಿಕದ ರಿಪಬ್ಲಿಕ್ ಏರ್‌ವೇಸ್ ಇಂಡಿಯಾನಾಪೊಲಿಸ್‌ನದು. ಆ ಊರಿನ ಪ್ರಸಿದ್ಧ ರೇಸ್ ಟ್ರ್ಯಾಕ್‌ನ ಅಡ್ಡಹೆಸರು ಬ್ರಿಕ್‌ಯಾರ್ಡ್, ಸಂಸ್ಥೆಯ ಕಾಲ್ ಸೈನ್ ಕೂಡ ಬ್ರಿಕ್‌ಯಾರ್ಡ್. ದಕ್ಷಿಣ ಆಫ್ರಿಕಾದ್ದು ‘ಸ್ಪ್ರಿಂಗ್‌ಬಾಕ್’. ಹಳೆಯ ಪ್ಯಾನ್ ಆ್ಯಮ್ ‘ಕ್ಲಿಪ್ಪರ್’ ಆಗಿತ್ತು.

ಇಂಥ ಪದಗಳು ಚಂದಕ್ಕಷ್ಟೇ ಉಳಿದಿಲ್ಲ. ‘ಏರ್’ ಎಂಬ ಪದ ನೂರಾರು ಸಂಸ್ಥೆಗಳ ಹೆಸರಿನಲ್ಲಿದೆ. ದೇಶದ ಹೆಸರೂ ಹಾಗೆಯೇ. ಏರ್ ಚೈನಾ, ಚೈನಾ ಏರ್‌ಲೈನ್ಸ್ ಎರಡೂ ತಮ್ಮ ಹೆಸರನ್ನೇ ರೇಡಿಯೊದಲ್ಲಿ ಹೇಳಿದ್ದರೆ ಏನಾಗುತ್ತಿತ್ತು ಯೋಚಿಸಿ. ಒಂದು ‘ಡೈನಾಸ್ಟಿ’ ಎಂದು ಹೇಳಿಕೊಳ್ಳುವುದರಿಂದ ಆ ಗೊಂದಲವೇ ಹುಟ್ಟುವುದಿಲ್ಲ.

ಒಂದೇ ಬ್ರ್ಯಾಂಡ್‌ನ ಹಲವು ಕಂಪನಿಗಳಿರುವ ಗುಂಪಿನವರಿಗೆ ಕಷ್ಟ ಇನ್ನೂ ಜಾಸ್ತಿ. ಮಲೇಷ್ಯಾದ ಏರ್‌ಏಷ್ಯಾ ‘ರೆಡ್ ಕ್ಯಾಪ್’. ಇಂಡೊನೇಷ್ಯಾದ್ದು ‘ವ್ಯಾಗನ್ ಏರ್’. ಭಾರತದಲ್ಲಿ ಏರ್‌ಏಷ್ಯಾ ಇಂಡಿಯಾ ಇದ್ದಾಗ ಅದು ‘ರೆಡ್ ನೈಟ್’. ಈಸಿಜೆಟ್ ಬ್ರಿಟನ್ನಿನಲ್ಲಿ ‘ಈಸಿ’, ಆಸ್ಟ್ರಿಯಾದ ಕಂಪನಿ ‘ಆಲ್ಪೈನ್’, ಸ್ವಿಸ್ ಕಂಪನಿ ‘ಟಾಪ್‌ಸ್ವಿಸ್’. ವಿಮಾನಕ್ಕೆ ಬಳಿದ ಬಣ್ಣ ಒಂದೇ, ಬಾಗಿಲ ಬಳಿ ನಗುವ ಸಿಬ್ಬಂದಿಯ ಸಮವಸ್ತ್ರ ಒಂದೇ, ರೇಡಿಯೊದಲ್ಲಿ ಮಾತ್ರ ಮೂರು ಹೆಸರು. ವರ್ಜಿನ್ ಅಟ್ಲಾಂಟಿಕ್ ‘ವರ್ಜಿನ್’ ಇಟ್ಟುಕೊಂಡಿದ್ದರಿಂದ ವರ್ಜಿನ್ ಅಮೆರಿಕಾ ‘ರೆಡ್‌ವುಡ್’ ಆಯಿತು, ಆಸ್ಟ್ರೇಲಿಯಾದ್ದು ‘ವೆಲಾಸಿಟಿ’.

ಈಗ ನಿಮ್ಮ ಪದಕ್ಕೆ ಬನ್ನಿ. ಕಾಗದದ ಮೇಲೆ ಬರೆದು ಚಂದ ಕಾಣುತ್ತದಾ ಎಂದು ನೋಡುವುದು ದಂಡ. ಕಿವಿಯಿಂದ ಪರೀಕ್ಷೆ ಮಾಡಬೇಕು. ವಿಮಾನದ ವಿಎಚ್‌ಎಫ್ ರೇಡಿಯೊ 118ರಿಂದ 137 ಮೆಗಾಹರ್ಟ್ಸ್ ನಡುವೆ ಕೆಲಸ ಮಾಡುವ ಎಎಂ ರೇಡಿಯೊ. ಅದರಲ್ಲಿ ದನಿಯ ಮೇಲಿನ ಭಾಗ ಕತ್ತರಿಸಿಹೋಗುತ್ತದೆ. ಸ, ಶ, ಫ ತರಹದ ಉಸಿರಿನ ಸದ್ದುಗಳು ಮಸುಕಾಗುತ್ತವೆ. ಇನ್ನೊಂದು ವಿಷಯ ಇದೆ. ಅವಸರದಲ್ಲಿ ಪೈಲಟ್ ಬಟನ್ ಪೂರ್ತಿ ಒತ್ತುವ ಮೊದಲೇ ಮಾತು ಶುರುಮಾಡಿಬಿಡುತ್ತಾನೆ. ಆಗ ಪದದ ಮೊದಲ ತುಂಡು ಗಾಳಿಗೆ ಹೋಗುವುದೇ ಇಲ್ಲ. ಹಾಗಾಗಿ ಹೀಗೆ ಮಾಡಿ ನೋಡಿ:

- ನಿಮ್ಮ ಪದದ ಮೊದಲ ತುಂಡನ್ನು ನುಂಗಿ ಹೇಳಿ. ಉಳಿದದ್ದು ಬೇರೆ ಯಾರದೋ ಕಾಲ್ ಸೈನ್‌ನಂತೆ ಕೇಳಿಸಿದರೆ ಆ ಪದ ಬೇಡ.
- ನಿಮ್ಮ ನಿಲ್ದಾಣಗಳಿಗೆ ಬರುವ ಎಲ್ಲ ಸಂಸ್ಥೆಗಳ ಕಾಲ್ ಸೈನ್ ಪಟ್ಟಿ ಮಾಡಿ. ನಿಮ್ಮ ಪದವನ್ನು ಅವುಗಳ ನಡುವೆ ಸೇರಿಸಿ, ಬೇರೆ ಬೇರೆ ನುಡಿಯವರಿಂದ ಜೋರಾಗಿ ಓದಿಸಿ, ಗದ್ದಲದ ನಡುವೆ ಕೇಳಿ. ಪ್ರಪಂಚದ ಇನ್ನೊಂದು ಮೂಲೆಯ ಸಂಸ್ಥೆ ಜೊತೆ ಸ್ವಲ್ಪ ಹೋಲಿದರೆ ತೊಂದರೆ ಕಡಿಮೆ. ಒಂದೇ ಆಕಾಶ ಹಂಚಿಕೊಳ್ಳುವವರ ಜೊತೆ ಹೋಲಿದರೆ ದಿನಾ ಗೋಳು.
- ಅದನ್ನು ಕೇಳಿದ ಹೊರದೇಶದ ಕಂಟ್ರೋಲರ್ ತಿರುಗಿ ಹೇಳಬಲ್ಲನಾ ಎಂದು ನೋಡಿ. ನಮ್ಮ ನುಡಿಯ ಒತ್ತಕ್ಷರಗಳು ನಮಗೆ ಸಲೀಸು, ಅವನಿಗೆ ಅಲ್ಲ.

ರೇಡಿಯೊ ಮಾತಿನಲ್ಲೇ ಬೇರೆ ಅರ್ಥ ಇರುವ ಪದಗಳನ್ನು ಮುಟ್ಟಬೇಡಿ. ಅಂಕಿಗಳು, ಎ, ಬಿ, ಡಿ ಅಕ್ಷರಗಳ ಬದಲು ಹೇಳುವ ಆಲ್ಫಾ, ಬ್ರಾವೊ, ಡೆಲ್ಟಾ ತರಹದ ಅಕ್ಷರಮಾಲೆ, ದೊಡ್ಡ ವಿಮಾನಕ್ಕೆ ಸೇರಿಸುವ ‘ಹೆವಿ’, ಅತಿ ದೊಡ್ಡ ಏರ್‌ಬಸ್ ಎ380ಗೆ ಸೇರಿಸುವ ‘ಸೂಪರ್’, ಕಂಟ್ರೋಲ್ ಕೇಂದ್ರಗಳ ಊರಿನ ಹೆಸರು, ಇವೆಲ್ಲ ಬೇಡ. ಹಾಗಾದರೆ ಡೆಲ್ಟಾ ಏರ್‌ಲೈನ್ಸ್ ಕಥೆ ಏನು ಎಂದು ಕೇಳಬಹುದು. ಅದು ಹಳೆಯ ಕಾಲದ ಹೆಸರು, ಉಳಿದುಕೊಂಡಿದೆ. ಅದರ ಪರಿಣಾಮ ಕಂಡದ್ದು ಡೆಲ್ಟಾದ ಮನೆಯಾದ ಅಟ್ಲಾಂಟಾ ನಿಲ್ದಾಣದಲ್ಲಿ. ಅಲ್ಲಿ ‘ಡಿ’ ಟ್ಯಾಕ್ಸಿವೇಯನ್ನು (ವಿಮಾನಗಳು ರನ್‌ವೇಗೆ ಹೋಗಿಬರುವ ದಾರಿ) ಎಲ್ಲ ಕಡೆಯಂತೆ ‘ಡೆಲ್ಟಾ’ ಎನ್ನದೆ ಬಹಳ ಕಾಲ ‘ಡಿಕ್ಸಿ’ ಎನ್ನುತ್ತಿದ್ದರು. ಒಂದು ಸಂಸ್ಥೆಯ ಹೆಸರಿಗಾಗಿ ಅಕ್ಷರಮಾಲೆಯೇ ಪಕ್ಕಕ್ಕೆ ಸರಿಯಿತು. ಹೊಸಬರಿಗೆ ಈ ಸವಲತ್ತು ಸಿಗುವುದಿಲ್ಲ.

ಮೂರು ಅಕ್ಷರ

ಇಲ್ಲಿ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಲೆಕ್ಕಕ್ಕೆ 17,576 ಜೋಡಣೆಗಳಿವೆ. ಆದರೆ ನಿಮ್ಮ ಹೆಸರಿಗೆ ಹೊಂದುವ ನಾಲ್ಕೈದು ಈಗಾಗಲೇ ಯಾರದೋ ಪಾಲಾಗಿರುತ್ತವೆ. ಎಸ್‌ಒಎಸ್ ತರಹ ಸಂಕಟದ ಸಂಕೇತವಾದವು ಸಿಗುವುದಿಲ್ಲ. ಇಂಡಿಗೊಗೆ ಐಜಿಒ ಸಿಕ್ಕಿದ್ದು ಅದೃಷ್ಟ. ಅಲಯನ್ಸ್ ಏರ್ ಎಲ್‌ಎಲ್‌ಆರ್ ಇಟ್ಟುಕೊಂಡೇ ಹಾರುತ್ತಿದೆ, ಯಾರಿಗೂ ಏನೂ ಆಗಿಲ್ಲ. ಅಕ್ಷರಗಳು ಕಣ್ಣಿಗೆ ಮತ್ತು ಕಂಪ್ಯೂಟರಿಗೆ, ಪದ ಕಿವಿಗೆ. ಹಟ ಹಿಡಿಯುವುದಾದರೆ ಪದಕ್ಕೆ ಹಿಡಿಯಿರಿ.

ಅರ್ಜಿ ಹಾಕುವುದು

ಐಕಾವೊಗೆ ನೀವೇ ನೇರವಾಗಿ ಅರ್ಜಿ ಹಾಕಲು ಬರುವುದಿಲ್ಲ. ಅದು ದೇಶಗಳ ಸಂಸ್ಥೆ, ದೇಶಗಳ ಜೊತೆ ಮಾತ್ರ ವ್ಯವಹಾರ. ನಿಮ್ಮ ದೇಶದ ವಿಮಾನಯಾನ ಪ್ರಾಧಿಕಾರ ನಿಮ್ಮ ಪರವಾಗಿ ಕೇಳಬೇಕು. ಅಮೆರಿಕದಲ್ಲಿ ಎಫ್‌ಎಎ, ಬ್ರಿಟನ್ನಿನಲ್ಲಿ ಸಿಎಎ, ಹೀಗೆ ಒಂದೊಂದು ಕಡೆ ಒಂದೊಂದು ಕಚೇರಿ.

ಮೊದಲು ಡಾಕ್ 8585ರ ಈಚಿನ ಆವೃತ್ತಿ ಹಿಡಿದು ನಿಮ್ಮ ಪದ, ಅಕ್ಷರ ಎರಡೂ ಖಾಲಿ ಇವೆಯಾ ನೋಡಿ. ಹಳೆಯ ಪ್ರತಿ ನೋಡಿದರೆ ಮೋಸ ಹೋಗುತ್ತೀರಿ, ಪಟ್ಟಿ ಸದಾ ಬದಲಾಗುತ್ತಿರುತ್ತದೆ. ಆಮೇಲೆ ಪ್ರಾಧಿಕಾರಕ್ಕೆ ಬರೆಯುವ ಅರ್ಜಿಯಲ್ಲಿ ಸಂಸ್ಥೆಯ ಕಾನೂನುಬದ್ಧ ಹೆಸರು, ವಿಳಾಸ, ಯಾವ ಬಗೆಯ ಹಾರಾಟ, ಎಲ್ಲೆಲ್ಲಿಗೆ, ವಿಮಾನ ಹಾರಿಸಲು ಬೇಕಾದ ಆಪರೇಟರ್ ಪ್ರಮಾಣಪತ್ರ ಯಾವ ಹಂತದಲ್ಲಿದೆ, ಯಾವತ್ತಿನಿಂದ ಬೇಕು ಎಂಬುದೆಲ್ಲ ಇರಲಿ. ಪದಕ್ಕೂ ಅಕ್ಷರಕ್ಕೂ ಎರಡು ಮೂರು ಆಯ್ಕೆಗಳನ್ನು ಇಷ್ಟದ ಕ್ರಮದಲ್ಲಿ ಕೊಡಿ. ಒಂದನ್ನೇ ಕೊಟ್ಟು ಅದು ತಿರಸ್ಕಾರವಾದರೆ ಮತ್ತೆ ಸಾಲಿನ ಕೊನೆಗೆ ಹೋಗಿ ನಿಲ್ಲಬೇಕಾಗುತ್ತದೆ.

ಪ್ರಾಧಿಕಾರ ತನ್ನ ಮಟ್ಟದಲ್ಲಿ ನೋಡುತ್ತದೆ. ಇಂಥ ಪದ ಇನ್ನೊಬ್ಬರ ಜೊತೆ ಗೊಂದಲವಾಗುತ್ತದೆ ಎಂದು ಅಲ್ಲೇ ಹಿಂದಕ್ಕೆ ಕಳಿಸಬಹುದು. ಒಪ್ಪಿದರೆ ಐಕಾವೊಗೆ ಕಳಿಸುತ್ತದೆ. ಐಕಾವೊ ಪ್ರಪಂಚದ ಪಟ್ಟಿಯ ಜೊತೆ ಹೋಲಿಸಿ ಉತ್ತರ ಕೊಡುತ್ತದೆ. ಒಪ್ಪಿಗೆ ಕೈಗೆ ಬರುವ ತನಕ ವಿಮಾನಕ್ಕೆ, ಕೈಪಿಡಿಗೆ, ಪತ್ರಿಕಾ ಹೇಳಿಕೆಗೆ ಎಲ್ಲಿಗೂ ಆ ಪದ ಹಾಕಬೇಡಿ. ಮಾರ್ಕೆಟಿಂಗ್‌ನವರಿಗೆ ಇದನ್ನು ಎರಡು ಸಲ ಹೇಳಿ.

ಸಿಕ್ಕಿತು, ಈಗ?

ಈಗ ಶುರುವಾಗುವುದು ಅಂಕಿ ಅಕ್ಷರಗಳ ಕೆಲಸ. ಫ್ಲೈಟ್ ಪ್ಲಾನ್‌ನ 7ನೇ ಅಂಕಣದಲ್ಲಿ ವಿಮಾನದ ಗುರುತು ಬರೆಯುತ್ತಾರೆ. ಅಲ್ಲಿ ಏಳು ಅಕ್ಷರಕ್ಕಷ್ಟೇ ಜಾಗ. ಮೂರು ನಿಮ್ಮ ಕೋಡಿಗೆ ಹೋದರೆ ಫ್ಲೈಟ್ ಗುರುತಿಗೆ ಉಳಿಯುವುದು ನಾಲ್ಕೇ. ಅಡ್ಡಗೆರೆ, ಖಾಲಿ ಜಾಗ ಹಾಕುವಂತಿಲ್ಲ.

ಕಾಕ್‌ಪಿಟ್‌ನಲ್ಲಿ ಪೈಲಟ್ ಅದೇ ಗುರುತನ್ನು ಟ್ರಾನ್ಸ್‌ಪಾಂಡರ್‌ಗೆ (ನೆಲದ ರಾಡಾರ್‌ಗೆ ವಿಮಾನದ ಗುರುತು ಕಳಿಸುವ ಸಾಧನ) ಹೋಗುವ ಫ್ಲೈಟ್ ಐಡಿ ಜಾಗದಲ್ಲಿ ಟೈಪ್ ಮಾಡುತ್ತಾನೆ. ಇದು ಫ್ಲೈಟ್ ಪ್ಲಾನ್‌ನ 7ನೇ ಅಂಕಣದ ಜೊತೆ ಅಕ್ಷರಕ್ಕೆ ಅಕ್ಷರ ಹೊಂದಬೇಕು. ಬಿಎಡಬ್ಲ್ಯು123 ಎಂದು ಹಾಕಬೇಕಾದ ಕಡೆ ಟಿಕೆಟ್ ನೋಡಿದ ಅಭ್ಯಾಸಕ್ಕೆ ಬಿಎ123 ಎಂದು ಹಾಕಿದರೆ, ಅಥವಾ ನಡುವೆ ಒಂದು ಸೊನ್ನೆ ಸೇರಿಸಿದರೆ, ನೆಲದ ಕಂಪ್ಯೂಟರಿಗೆ ಈ ವಿಮಾನ ಯಾವ ಫ್ಲೈಟ್ ಪ್ಲಾನ್‌ನದು ಎಂದು ತಾನಾಗಿ ಹೊಂದಿಸಲು ಆಗುವುದಿಲ್ಲ. ಹೊಸ ಕೋಡ್ ಬಂದ ಮೊದಲ ವಾರಗಳಲ್ಲಿ ಈ ತಪ್ಪು ಜಾಸ್ತಿ. ತರಬೇತಿಯಲ್ಲಿ ಬಾಯಿಮಾತಿಗಿಂತ ಈ ಟೈಪಿಂಗ್ ಮೇಲೆ ಒತ್ತು ಕೊಡಿ.

ಮೂರು ಅಕ್ಷರದ ಕೋಡ್ ಇನ್ನೊಂದು ಜಾಗದಲ್ಲೂ ಇದೆ. ವಿಮಾನ ಸಂದೇಶಗಳ ಎಎಫ್‌ಟಿಎನ್ ಜಾಲದಲ್ಲಿ ವಿಳಾಸ ಎಂಟು ಅಕ್ಷರದ್ದು. ಮೊದಲ ನಾಲ್ಕು ಊರಿನದು, ಮುಂದಿನ ಮೂರು ಸಂಸ್ಥೆಯ ಕೋಡ್, ಕೊನೆಯದು ವಿಭಾಗದ್ದು ಅಥವಾ ಸುಮ್ನೆ ಜಾಗ ತುಂಬಿಸಲು. ಹೊಸ ಕೋಡ್ ಬಂದರೆ ಹೊಸ ವಿಳಾಸ. ಬೇರೆ ದೇಶದ ಮೇಲಾಕಾಶ ದಾಟುವ ಪರವಾನಗಿ, ನಿಲ್ದಾಣದಲ್ಲಿ ಇಳಿಯಲು ಹೊರಡಲು ಸಿಗುವ ಸಮಯದ ಸ್ಲಾಟ್, ಮಾರ್ಗ ಶುಲ್ಕದ ಬಿಲ್ಲು, ಎಲ್ಲದಕ್ಕೂ ಈ ಕೋಡ್ ಬೇಕು.

ಕಾಲ್ ಸೈನ್ ಹೊಸದಾಗಿದ್ದು ಎಲ್ಲರಿಗೂ ಇನ್ನೂ ಪರಿಚಯವಿಲ್ಲದಿದ್ದರೆ ಫ್ಲೈಟ್ ಪ್ಲಾನ್‌ನ 18ನೇ ಅಂಕಣದಲ್ಲಿ ಷರಾ ಹಾಕಿ ಪದವನ್ನು ಬರೆಯುತ್ತಾರೆ. ರಾಡಾರ್ ಪರದೆಯಲ್ಲಿ ಮೂರು ಅಕ್ಷರ ಮಾತ್ರ ಕಾಣುವ ಕಂಟ್ರೋಲರ್‌ಗೆ ‘ಇದನ್ನು ಏನಂತ ಕರೆಯೋದು’ ಎಂದು ಗೊತ್ತಾಗಬೇಕಲ್ಲ.

ನಂಬರಿನ ಭಾಗ

ಪದ ಎಷ್ಟೇ ಚೆನ್ನಾಗಿರಲಿ, ಗೊಂದಲ ಹೆಚ್ಚಾಗಿ ಹುಟ್ಟುವುದು ಒಂದೇ ಸಂಸ್ಥೆಯ ಎರಡು ವಿಮಾನಗಳ ನಡುವೆ. 413 ಮತ್ತು 431 ಒಂದೇ ಹೊತ್ತಿಗೆ ಒಂದೇ ಚಾನೆಲ್‌ನಲ್ಲಿ ಬಂದರೆ, ಒಬ್ಬರಿಗೆ ಕೊಟ್ಟ ಎತ್ತರವನ್ನು ಇನ್ನೊಬ್ಬರು ತಗೊಂಡು ಇಳಿಯಲು ಶುರು ಮಾಡಬಹುದು. ನಂಬರ್ ಎಷ್ಟು ಬೇಗ ಜಾರುತ್ತದೆ ಎನ್ನುವುದಕ್ಕೆ ಎಲ್ಲರಿಗೂ ಗೊತ್ತಿರುವ ಉದಾಹರಣೆ 2009ರ ಜನವರಿ 15ರದು. ನ್ಯೂಯಾರ್ಕ್‌ನಲ್ಲಿ ಹಕ್ಕಿಗಳು ಬಡಿದು ಎರಡೂ ಎಂಜಿನ್ ನಿಂತ ವಿಮಾನದ ಕಾಲ್ ಸೈನ್ ಕ್ಯಾಕ್ಟಸ್ 1549. ಹಡ್ಸನ್ ನದಿಯಲ್ಲಿ ಇಳಿದು 155 ಜನರೂ ಬದುಕಿದರು. ರೇಡಿಯೊದಲ್ಲಿ ಕ್ಯಾಪ್ಟನ್ ಹೇಳಿದ್ದು ‘ಕ್ಯಾಕ್ಟಸ್ 1539’. ಕಂಟ್ರೋಲರ್ ಕರೆದದ್ದು ‘ಕ್ಯಾಕ್ಟಸ್ 1529’. ಇಬ್ಬರ ಬಾಯಲ್ಲೂ ನಂಬರ್ ತಪ್ಪಿತು, ಕ್ಯಾಕ್ಟಸ್ ತಪ್ಪಲಿಲ್ಲ. ಒಳ್ಳೆಯ ಪದ ಅಂದರೆ ಇದು.

ಟಿಕೆಟ್‌ನ ಫ್ಲೈಟ್ ನಂಬರ್ ಮತ್ತು ರೇಡಿಯೊ ನಂಬರ್ ಒಂದೇ ಇರಬೇಕೆಂಬ ನಿಯಮ ಇಲ್ಲ. ಯೂರೋಪಿನಲ್ಲಿ ಬೇರೆ ಮಾಡುವುದು ದಿನನಿತ್ಯದ ರೂಢಿ. ಅಲ್ಲಿ ಅಂಕಿಯ ಜೊತೆ ಅಕ್ಷರ ಸೇರಿಸಿ ‘ಫೈವ್ ಗಾಲ್ಫ್ ಟ್ಯಾಂಗೊ’ ಎನ್ನುವ ತರಹದ ಗುರುತು ಮಾಡುತ್ತಾರೆ. ಹೋಲುವ ಗುರುತುಗಳನ್ನು ವೇಳಾಪಟ್ಟಿ ಹಂತದಲ್ಲೇ ಹುಡುಕಿ ತೆಗೆಯಲು ಅಲ್ಲಿನ ದೇಶಗಳ ವಿಮಾನ ಸಂಚಾರ ಸಂಸ್ಥೆಯಾದ ಯೂರೋಕಂಟ್ರೋಲ್ ಸಾಫ್ಟ್‌ವೇರನ್ನೂ ಕೊಟ್ಟಿದೆ. ನೀವೇ ಮಾಡುವುದಾದರೆ ಇಷ್ಟು ನೋಡಿ: ನಾಲ್ಕು ಅಂಕಿಗಿಂತ ಎರಡು ಮೂರು ಒಳ್ಳೆಯದು. ಕೊನೆಯಲ್ಲಿ 0 ಅಥವಾ 5 ಬಂದರೆ ಎತ್ತರದಂತೆಯೋ ದಿಕ್ಕಿನಂತೆಯೋ ಕೇಳಿಸುತ್ತದೆ, ಬಿಡಿ. ಐ, ಒ ಅಕ್ಷರಗಳು 1, 0 ಎಂದು ಕಾಣುತ್ತವೆ, ಅವೂ ಬೇಡ. ಒಂದೇ ನಿಲ್ದಾಣಕ್ಕೆ ಒಂದೇ ಹೊತ್ತಿಗೆ ಬರುವ ಫ್ಲೈಟ್‌ಗಳ ಕೊನೆಯ ಎರಡು ಅಂಕಿ ಬೇರೆ ಬೇರೆ ಇರಲಿ.

ಇಷ್ಟಾದರೂ ಗೊಂದಲವಾದರೆ ಕಂಟ್ರೋಲರ್ ಅಲ್ಲೇ, ಆಕಾಶದಲ್ಲೇ, ಒಂದು ವಿಮಾನದ ಕಾಲ್ ಸೈನ್ ಬದಲಾಯಿಸಬಹುದು. ‘ಮುಂದಿನ ಸೂಚನೆ ತನಕ ನಿಮ್ಮ ಕಾಲ್ ಸೈನ್ ಇಂಥದ್ದು’ ಎನ್ನುತ್ತಾನೆ. ಹೆಚ್ಚಾಗಿ ಆ ಹೊತ್ತಿಗೆ ನೋಂದಣಿ ಅಕ್ಷರಗಳನ್ನು ಬಳಸುತ್ತಾರೆ. ಅದು ಆ ಕಂಟ್ರೋಲರ್‌ನ ಆಕಾಶ ದಾಟುವ ತನಕ ಮಾತ್ರ.

ಬದಲಾಯಿಸಬೇಕಾ, ಬೇಡವಾ

ಕಂಪನಿ ಹೆಸರು ಬದಲಾದ ಕೂಡಲೇ ಕಾಲ್ ಸೈನ್ ಬದಲಾಯಿಸಲೇಬೇಕು ಎಂದು ಏನಿಲ್ಲ. ಬ್ರಿಟನ್ನಿನ ಫ್ಲೈಬಿ ಹಿಂದೆ ಜರ್ಸಿ ಯೂರೋಪಿಯನ್ ಆಗಿತ್ತು. ಹೆಸರು ಎರಡು ಸಲ ಬದಲಾಯಿತು, ರೇಡಿಯೊದಲ್ಲಿ 2020ರ ಮಾರ್ಚ್‌ನಲ್ಲಿ ಮುಚ್ಚುವ ತನಕವೂ ‘ಜರ್ಸಿ’. ಹಾಂಗ್‌ಕಾಂಗ್‌ನ ಡ್ರ್ಯಾಗನ್ಏರ್ 2016ರಲ್ಲಿ ಕ್ಯಾಥೆ ಡ್ರ್ಯಾಗನ್ ಆದಾಗಲೂ ‘ಡ್ರ್ಯಾಗನ್’ ಹಾಗೇ ಇತ್ತು. ನನ್ನ ಮಾತು ಕೇಳುವುದಾದರೆ, ಚೆನ್ನಾಗಿ ಕೆಲಸ ಮಾಡುತ್ತಿರುವ ಕಾಲ್ ಸೈನನ್ನು ಬರೀ ಲೋಗೊ ಬದಲಾಯಿತು ಎಂದು ಕಿತ್ತುಹಾಕಬೇಡಿ.

ನಿಜವಾದ ಕಾರಣಗಳು ಕೆಲವು ಇವೆ. ಎರಡು ಸಂಸ್ಥೆಗಳ ವಿಲೀನ ಅದರಲ್ಲಿ ಮೊದಲನೆಯದು. ಅಮೆರಿಕಾ ವೆಸ್ಟ್ ಮತ್ತು ಯುಎಸ್ ಏರ್‌ವೇಸ್ 2005ರಲ್ಲಿ ಸೇರಿದವು. ವಿಮಾನದ ಮೈಮೇಲೆ ಉಳಿದದ್ದು ಯುಎಸ್ ಏರ್‌ವೇಸ್ ಹೆಸರು. ರೇಡಿಯೊದಲ್ಲಿ ಕೊನೆಗೆ ಉಳಿದದ್ದು ಅಮೆರಿಕಾ ವೆಸ್ಟ್‌ನ ‘ಕ್ಯಾಕ್ಟಸ್’. ಹಡ್ಸನ್ ನದಿಯ ವಿಮಾನ ಕ್ಯಾಕ್ಟಸ್ ಆಗಿದ್ದು ಹೀಗೆ. ಆಮೇಲೆ ಅದು ಅಮೆರಿಕನ್ ಏರ್‌ಲೈನ್ಸ್ ಜೊತೆ ಸೇರಿತು. 2015ರ ಏಪ್ರಿಲ್‌ನಲ್ಲಿ ಇಬ್ಬರಿಗೂ ಒಂದೇ ಪ್ರಮಾಣಪತ್ರ ಬಂದಾಗ ಕ್ಯಾಕ್ಟಸ್ ನಿಂತಿತು.

ಸ್ಕೂಟ್ ಮತ್ತು ಟೈಗರ್‌ಏರ್ ಕಥೆ ಇನ್ನೂ ಮಜವಾಗಿದೆ. ಸಿಂಗಾಪುರದ ಈ ಎರಡು ಸಂಸ್ಥೆಗಳು 2017ರ ಜುಲೈನಲ್ಲಿ ಒಂದಾದವು. ಬ್ರ್ಯಾಂಡ್ ಸ್ಕೂಟ್‌ನದು, ಪ್ರಮಾಣಪತ್ರ ಟೈಗರ್‌ನದು. ಹಾಗಾಗಿ ಈಗ ಅದರ ಎರಡಕ್ಷರ ಟಿಆರ್, ಮೂರಕ್ಷರ ಟಿಜಿಡಬ್ಲ್ಯು, ಎರಡೂ ಟೈಗರ್‌ನ ಆಸ್ತಿ. ಬಾಯಲ್ಲಿ ಹೇಳುವ ಪದ ಮಾತ್ರ ‘ಸ್ಕೂಟರ್’. ಟೈಗರ್‌ನ ‘ಗೋ ಕ್ಯಾಟ್’ ಹೋಯಿತು. ಇಟಲಿಯಲ್ಲಿ ಇನ್ನೊಂದು ಬಗೆ. 2021ರ ಅಕ್ಟೋಬರ್‌ನಲ್ಲಿ ಅಲಿಟಾಲಿಯಾ ಮುಚ್ಚಿ ಐಟಿಎ ಏರ್‌ವೇಸ್ ಶುರುವಾಯಿತು. ಎರಡಕ್ಷರ ಅಲಿಟಾಲಿಯಾದ ಎಝಡ್ ಆಗಿಯೇ ಉಳಿಯಿತು. ಮೂರಕ್ಷರ ಐಟಿವೈ ಆಯಿತು, ಕಾಲ್ ಸೈನ್ ‘ಇಟ್ಯಾರೋ’.

ಕೆಟ್ಟ ಹೆಸರಿನಿಂದ ದೂರ ಹೋಗುವುದೂ ಒಂದು ಕಾರಣ. ಅಮೆರಿಕದ ವ್ಯಾಲ್ಯುಜೆಟ್‌ನ ಕಾಲ್ ಸೈನ್ ‘ಕ್ರಿಟರ್’. 1996ರ ಮೇ 11ರಂದು ಅದರ ವಿಮಾನ ಫ್ಲಾರಿಡಾದ ಎವರ್‌ಗ್ಲೇಡ್ಸ್ ಜೌಗಿನಲ್ಲಿ ಬಿದ್ದು ಒಳಗಿದ್ದ ಎಲ್ಲರೂ ಸತ್ತರು. ಮರುವರ್ಷ ಅದು ಏರ್‌ಟ್ರಾನ್ ಜೊತೆ ಸೇರಿ ಆ ಹೆಸರು ತೊಟ್ಟಿತು. ರೇಡಿಯೊದಲ್ಲಿ ‘ಸಿಟ್ರಸ್’ ಆಯಿತು.

ಅಂದಹಾಗೆ, ಅಪಘಾತದ ನಂತರ ಸಂಸ್ಥೆಗಳು ಸಾಮಾನ್ಯವಾಗಿ ಕೈಬಿಡುವುದು ನಂಬರ್ ಮಾತ್ರ. ಮಲೇಷ್ಯಾ ಏರ್‌ಲೈನ್ಸ್ 370 ಮತ್ತು 17 ಎಂಬ ನಂಬರ್‌ಗಳನ್ನು ನಿಲ್ಲಿಸಿತು. ಅದಕ್ಕೆ ಐಕಾವೊ ಒಪ್ಪಿಗೆ ಬೇಡ, ವೇಳಾಪಟ್ಟಿ ಬದಲಾಯಿಸಿದರೆ ಮುಗಿಯಿತು.

ಬದಲಾವಣೆ ಮಾಡುವುದು ಹೀಗೆ

ಅರ್ಜಿಯ ದಾರಿ ಹೊಸದಕ್ಕೆ ಇರುವುದೇ. ಪ್ರಾಧಿಕಾರದ ಮೂಲಕ, ಆಯ್ಕೆಗಳ ಜೊತೆ. ಅದರಲ್ಲಿ ಸ್ಪಷ್ಟವಾಗಿ ಹೇಳಬೇಕಾದ್ದು ಒಂದು: ಪದ ಮಾತ್ರವೇ, ಮೂರಕ್ಷರ ಮಾತ್ರವೇ, ಅಥವಾ ಎರಡೂ ಬದಲಾಗಬೇಕೇ. ಪದ ಮಾತ್ರ ಆದರೆ ಕೆಲಸ ಎಷ್ಟೋ ಹಗುರ. ಫ್ಲೈಟ್ ಪ್ಲಾನ್, ಟ್ರಾನ್ಸ್‌ಪಾಂಡರ್, ಎಎಫ್‌ಟಿಎನ್ ವಿಳಾಸ ಯಾವುದೂ ಅಲುಗುವುದಿಲ್ಲ. ಪೈಲಟ್‌ಗಳಿಗೂ ಕಂಟ್ರೋಲರ್‌ಗಳಿಗೂ ತಿಳಿಸಿದರೆ ಸಾಕು. ಮೂರಕ್ಷರ ಬದಲಾದರೆ ಮೇಲೆ ಹೇಳಿದ ಪಟ್ಟಿಯೆಲ್ಲ ಮತ್ತೆ ಬಿಚ್ಚಿಕೊಳ್ಳುತ್ತದೆ.

ಎರಡನೆಯದು ದಿನಾಂಕ. ಇದನ್ನು ನೀವೊಬ್ಬರೇ ನಿರ್ಧರಿಸಬೇಡಿ. ವಿಲೀನವಾದರೆ ಪ್ರಮಾಣಪತ್ರ ಒಂದಾಗುವ ದಿನಕ್ಕೂ ಕಾಲ್ ಸೈನ್ ಬದಲಾಗುವ ದಿನಕ್ಕೂ ಹೊಂದಬೇಕು. ವಿಮಾನಯಾನದ ಮಾಹಿತಿ 28 ದಿನಕ್ಕೊಮ್ಮೆ, ಗುರುವಾರ, ಒಟ್ಟಾಗಿ ಬದಲಾಗುವ ಒಂದು ಚಕ್ರ ಇದೆ. ಅದನ್ನು ಪಕ್ಕದಲ್ಲಿಟ್ಟುಕೊಂಡು ದಿನ ಆರಿಸಿದರೆ ಎಲ್ಲ ದೇಶದವರಿಗೂ ಅನುಕೂಲ. ಹಬ್ಬ, ರಜೆ ಸಮಯದ ದಟ್ಟಣೆಯಲ್ಲಿ ಮಾತ್ರ ಬೇಡ.

ಆಮೇಲೆ ನಂಬರ್‌ಗಳ ಡಿಕ್ಕಿ. ಎರಡು ಸಂಸ್ಥೆಗಳಿಗೂ 101 ಇದ್ದರೆ ಒಂದೇ ಕಾಲ್ ಸೈನ್‌ನಡಿ ಎರಡೂ ಇರಲು ಆಗುವುದಿಲ್ಲ. ವಿಸ್ತಾರ 2024ರ ನವೆಂಬರ್ 12ರಂದು ಏರ್ ಇಂಡಿಯಾದಲ್ಲಿ ಸೇರಿದಾಗ ಅದರ ಫ್ಲೈಟ್‌ಗಳಿಗೆಲ್ಲ 2ರಿಂದ ಶುರುವಾಗುವ ನಾಲ್ಕಂಕಿಯ ನಂಬರ್ ಕೊಟ್ಟರು. ಸರಳ ಉಪಾಯ. ನಂಬರ್ ಉದ್ದವಾಗುತ್ತದೆ, ಆದರೆ ಒಂದೂ ಡಿಕ್ಕಿ ಹೊಡೆಯುವುದಿಲ್ಲ.

ದಿನ ಗೊತ್ತಾದ ಮೇಲೆ ನೀವು ಹಾರುವ ಎಲ್ಲ ದೇಶಗಳ ಕಂಟ್ರೋಲ್ ಕೇಂದ್ರಗಳಿಗೂ ಪರವಾನಗಿ ಕೊಟ್ಟವರಿಗೂ ಬರೆದು ತಿಳಿಸಿ. ಡಾಕ್ 8585ರಲ್ಲಿ ಪ್ರಕಟವಾಯಿತು ಎಂದು ಕೈಕಟ್ಟಿ ಕೂರಬೇಡಿ. ಪಟ್ಟಿಯ ಹೊಸ ಆವೃತ್ತಿ ಎಲ್ಲ ಕಡೆ ಒಂದೇ ದಿನ ಕಂಪ್ಯೂಟರಿಗೆ ಏರುವುದಿಲ್ಲ. ಹಳೆಯ ಹೆಸರಿನಲ್ಲಿ ತೆಗೆದ ಮೇಲಾಕಾಶದ ಪರವಾನಗಿ ಹೊಸ ಹೆಸರಿಗೆ ತಾನಾಗಿ ಬರುವುದಿಲ್ಲ.

ಬದಲಾವಣೆಯ ಗಳಿಗೆಯನ್ನು ಪ್ರಪಂಚಕ್ಕೆಲ್ಲ ಒಂದೇ ಆದ ಯುಟಿಸಿ ಸಮಯದಲ್ಲಿ ಗುರುತು ಮಾಡಿ, ಸ್ಥಳೀಯ ಸಮಯದಲ್ಲಿ ಅಲ್ಲ. ಆ ಗಳಿಗೆಯಲ್ಲಿ ಆಕಾಶದಲ್ಲಿರುವ ವಿಮಾನ ಫ್ಲೈಟ್ ಪ್ಲಾನ್‌ನಲ್ಲಿ ಯಾವ ಗುರುತು ಹಾಕಿದೆಯೋ ಅದರಲ್ಲೇ ಇಳಿಯಬೇಕು. ನಡುದಾರಿಯಲ್ಲಿ ಹೆಸರು ಬದಲಾಯಿಸಬಾರದು. ಅದರ ನಂತರ ಹೊರಡುವ ಮೊದಲ ಫ್ಲೈಟ್‌ನಿಂದ ಹೊಸದು. ಕೆಲವು ಗಂಟೆ ಎರಡೂ ಕಾಲ್ ಸೈನ್ ಒಟ್ಟಿಗೆ ಆಕಾಶದಲ್ಲಿರುತ್ತವೆ, ಅದು ಸಹಜ. ಹಾಗಿರುವಾಗ ಹಳೆಯ 101 ಇನ್ನೂ ಇಳಿದಿಲ್ಲ, ಹೊಸ 101 ಆಗಲೇ ಹೊರಟಿತು ಎನ್ನುವಂತೆ ಆಗದಿರಲಿ.

ಮೊದಲ ಕೆಲವು ವಾರ ಪೈಲಟ್‌ಗಳ ಬಾಯಿಗೆ ಹಳೆಯ ಪದವೇ ಬರುತ್ತದೆ. ವರ್ಷಗಟ್ಟಲೆ ಹೇಳಿದ್ದು ನಾಲಿಗೆಗೆ ಅಂಟಿಕೊಂಡಿರುತ್ತದೆ. ಪೈಲಟ್ ಕೈಯಲ್ಲಿ ಹಿಡಿಯುವ ಯೋಕ್ ಮೇಲೆ ಹೊಸ ಪದ ಬರೆದ ಚಿಕ್ಕ ಚೀಟಿ ಅಂಟಿಸುವುದು ಹಳೆಯ ಉಪಾಯ, ಈಗಲೂ ಕೆಲಸ ಮಾಡುತ್ತದೆ. ಕಂಟ್ರೋಲರ್ ಕೂಡ ಹಳೆಯದನ್ನೇ ಕರೆಯಬಹುದು. ಆಗ ಸುಮ್ಮನೆ ಓಗೊಡಬೇಡಿ, ಹೊಸ ಕಾಲ್ ಸೈನ್ ಪೂರ್ತಿ ಹೇಳಿಯೇ ಉತ್ತರಿಸಿ. ಬೇಗ ಸರಿಹೋಗುತ್ತದೆ.

ಎಲ್ಲ ವಿಮಾನಗಳೂ ಹೊಸದಕ್ಕೆ ಬಂದ ಮೇಲೆ ಹಳೆಯ ಕೋಡ್, ಹಳೆಯ ಪದ ಬೇಡ ಎಂದು ಪ್ರಾಧಿಕಾರಕ್ಕೆ ಬರೆದು ವಾಪಸ್ ಕೊಡಿ. ಅದಕ್ಕೂ ಮೊದಲು ಹಳೆಯ ಎಎಫ್‌ಟಿಎನ್ ವಿಳಾಸಕ್ಕೆ ಇನ್ನೂ ಸಂದೇಶ ಬರುತ್ತಿದೆಯಾ ಎಂದು ನೋಡಿ. ಬರುತ್ತಿದ್ದರೆ ಯಾರೋ ಹಳೆಯ ಪಟ್ಟಿ ಇಟ್ಟುಕೊಂಡಿದ್ದಾರೆ ಎಂದರ್ಥ, ಅವರಿಗೆ ಫೋನ್ ಮಾಡಿ. ನಿಮ್ಮದೇ ಯಾವುದೋ ಫ್ಲೈಟ್ ಪ್ಲಾನ್‌ನಲ್ಲಿ ಹಳೆಯ ಕೋಡ್ ತಲೆ ಎತ್ತಿದರೆ ಮೊದಲು ಹುಡುಕಬೇಕಾದ್ದು ಫ್ಲೈಟ್ ಪ್ಲಾನ್ ತಯಾರಿಸುವ ಡಿಸ್ಪ್ಯಾಚ್ ವಿಭಾಗದ ಕಂಪ್ಯೂಟರಿನಲ್ಲಿ ಸೇವ್ ಮಾಡಿಟ್ಟ ಫ್ಲೈಟ್ ಪ್ಲಾನ್ ನಮೂನೆಗಳನ್ನು. ವಾರಕ್ಕೊಮ್ಮೆಯೋ ತಿಂಗಳಿಗೊಮ್ಮೆಯೋ ಹಾರುವ ಮಾರ್ಗದ ನಮೂನೆಯನ್ನು ತಿದ್ದಲು ಯಾರಿಗೂ ನೆನಪಿರುವುದಿಲ್ಲ.